ವಿಟಮಿನ್ ಡಿ ಮತ್ತು ಎಂ.ಎಸ್.: ಬಿಸಿಲಿಗೂ ನರದ ಕಾಯಿಲೆಗೂ ಏನು ನಂಟು?

ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂ.ಎಸ್.) ಎಂದು ನರರೋಗ ತಜ್ಞರು ಹೇಳುವ ಹೊತ್ತಿಗೆ ಮನೆಯವರ ಕೈಯಲ್ಲಿ ಒಂದು ದಪ್ಪ ಫೈಲು ಸೇರಿರುತ್ತದೆ. ಎಂಆರ್‌ಐ ಫಿಲ್ಮು, ಬೆನ್ನುಹುರಿಯ ನೀರಿನ ಪರೀಕ್ಷೆ, ಹತ್ತಾರು ರಕ್ತದ ರಿಪೋರ್ಟು. ಬಹಳಷ್ಟು ತಲೆಗೆ ಹೋಗುವುದಿಲ್ಲ. ಸುಲಭವಾಗಿ ಅರ್ಥವಾಗುವುದು ಒಂದೇ ಸಾಲು: ವಿಟಮಿನ್ ಡಿ ಕಡಿಮೆ ಇದೆ. ಅಲ್ಲಿಂದ ಮಾತು ಶುರುವಾಗುತ್ತದೆ. ‘ಬಿಸಿಲಿಗೆ ಹೋಗದೆ ಒಳಗೇ ಕೂತಿದ್ದಕ್ಕೆ ಬಂತು’ ಎಂದು ಒಬ್ಬರು. ‘ಡಿ ಜಾಸ್ತಿ ತಗೊಂಡ್ರೆ ವಾಸಿಯಾಗುತ್ತಂತೆ’ ಎಂದು ವಾಟ್ಸಾಪ್‌ನಲ್ಲಿ ಇನ್ನೊಬ್ಬರು.

2025ರ ಮಾರ್ಚ್‌ನಲ್ಲಿ ಫ್ರಾನ್ಸಿನ ವೈದ್ಯರು ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಎಂ.ಎಸ್. ಶುರುವಿನ ಹಂತದಲ್ಲಿದ್ದವರಿಗೆ ದೊಡ್ಡ ಪ್ರಮಾಣದಲ್ಲಿ ವಿಟಮಿನ್ ಡಿ ಕೊಟ್ಟಾಗ ಕಾಯಿಲೆಯ ಚಟುವಟಿಕೆ ಕಡಿಮೆಯಾಯಿತು ಎಂಬುದು ಅದರ ಸಾರ. ಆಮೇಲೆ ಈ ಮಾತು ಇನ್ನಷ್ಟು ಜೋರಾಯಿತು.

ಇಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳು ಕಲಸಿಹೋಗಿವೆ. ಡಿ ಕಡಿಮೆಯಿದ್ದರೆ ಎಂ.ಎಸ್. ಬರುವ ಸಾಧ್ಯತೆ ಹೆಚ್ಚುತ್ತದಾ ಎನ್ನುವುದು ಒಂದು. ಎಂ.ಎಸ್. ಬಂದ ಮೇಲೆ ಡಿ ಕೊಟ್ಟರೆ ಅದು ಹತೋಟಿಗೆ ಬರುತ್ತದಾ ಎನ್ನುವುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ‘ಹೌದು’ ಎಂದಾದರೂ ಎರಡನೆಯದಕ್ಕೂ ‘ಹೌದು’ ಆಗಲೇಬೇಕು ಎಂದೇನಿಲ್ಲ.

## ಎಂ.ಎಸ್. ಅಂದರೆ ಏನಾಗುತ್ತದೆ?

ಮೆದುಳು, ಬೆನ್ನುಹುರಿ ಮತ್ತು ಕಣ್ಣಿನ ನರಗಳಲ್ಲಿ ಎಳೆ ಎಳೆಯಾದ ನರತಂತುಗಳಿವೆ. ಇವುಗಳ ಸುತ್ತ ಕೊಬ್ಬಿನಿಂದಾದ ಒಂದು ಪದರ ಸುತ್ತಿಕೊಂಡಿರುತ್ತದೆ. ಅದರ ಹೆಸರು ಮಯಲಿನ್. ಈ ಪದರ ಚೆನ್ನಾಗಿದ್ದರೆ ನರದ ಸಂದೇಶ ಸೆಕೆಂಡಿಗೆ ನೂರು ಮೀಟರಿನವರೆಗೂ ಓಡಬಲ್ಲದು. ಮಯಲಿನ್ ಇಲ್ಲದ ನರಗಳಲ್ಲಿ ವೇಗ ಒಂದೆರಡು ಮೀಟರು, ಅಷ್ಟೇ.

ಸೋಂಕು ತರುವ ಕ್ರಿಮಿಗಳ ಮೇಲೆ ಬೀಳಬೇಕಾದ ನಮ್ಮದೇ ಬಿಳಿ ರಕ್ತಕಣಗಳು ಎಂ.ಎಸ್.ನಲ್ಲಿ ಈ ಮಯಲಿನ್ ಮೇಲೆ ಬೀಳುತ್ತವೆ. ಇಂಥ ಕಾಯಿಲೆಗೆ ಆಟೋಇಮ್ಯೂನ್ ಕಾಯಿಲೆ ಎನ್ನುತ್ತಾರೆ. ದಾಳಿಯಾದ ಕಡೆ ಊತ ಬರುತ್ತದೆ, ಪದರ ಕಿತ್ತುಹೋಗುತ್ತದೆ, ಆಮೇಲೆ ಗಟ್ಟಿಯಾದ ಕಲೆ ಉಳಿಯುತ್ತದೆ. ಪ್ಯಾರಿಸ್‌ನ ವೈದ್ಯ ಜಾನ್ ಮಾರ್ಟಿನ್ ಶಾರ್ಕೊ 1868ರಲ್ಲಿ ಈ ಕಾಯಿಲೆಯನ್ನು ವಿವರವಾಗಿ ವರ್ಣಿಸಿದ್ದು ಮೆದುಳಿನ ಇಂಥ ಕಲೆಗಳನ್ನು ನೋಡಿಯೇ. ಇವತ್ತು ಎಂಆರ್‌ಐನಲ್ಲಿ ಬಿಳಿ ಚುಕ್ಕೆಗಳಾಗಿ ಕಾಣುವುದೂ ಇವೇ.

ಕಲೆ ಎಲ್ಲಿ ಬಿತ್ತೋ ಅದರ ಮೇಲೆ ತೊಂದರೆ. ಕಣ್ಣಿನ ನರದಲ್ಲಾದರೆ ಒಂದು ಕಣ್ಣು ಮಂಜಾಗುತ್ತದೆ, ಅಲುಗಾಡಿಸಿದರೆ ನೋಯುತ್ತದೆ. ಬೆನ್ನುಹುರಿಯಲ್ಲಾದರೆ ಕಾಲು ಜೋಮು ಹಿಡಿದಂತೆ, ಸೋತಂತೆ ಆಗುತ್ತದೆ. ಬಹಳ ಜನರಲ್ಲಿ ತೊಂದರೆ ಕೆಲವು ದಿನ ಅಥವಾ ವಾರ ಇದ್ದು, ತಾನಾಗಿಯೇ ತಗ್ಗಿ, ತಿಂಗಳುಗಳ ನಂತರ ಬೇರೆ ಕಡೆ ಕಾಣಿಸಿಕೊಳ್ಳುತ್ತದೆ. ಇದಕ್ಕೆ ರಿಲ್ಯಾಪ್ಸ್ ಎನ್ನುತ್ತಾರೆ. ಸಾಮಾನ್ಯವಾಗಿ 20ರಿಂದ 40ರ ವಯಸ್ಸಿನಲ್ಲಿ ಶುರುವಾಗುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಜಾಸ್ತಿ. ಜಗತ್ತಿನಲ್ಲಿ 28 ಲಕ್ಷಕ್ಕೂ ಹೆಚ್ಚು ಜನರಿಗೆ ಇದೆ. ನಮ್ಮಲ್ಲಿ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವೈಕಲ್ಯಗಳ ಪಟ್ಟಿಯಲ್ಲಿ ಇದೂ ಸೇರಿದೆ. ಇದು ಬಹಳ ಮನೆಗಳಿಗೆ ಗೊತ್ತೇ ಇರುವುದಿಲ್ಲ.

## ವಿಟಮಿನ್ ಡಿ ಮೂಳೆಗೆ ತಾನೇ?

ಮೂಳೆಗೆ ಹೌದು, ಆದರೆ ಅಷ್ಟಕ್ಕೇ ಅಲ್ಲ. ಮೊದಲು ಅದು ಬರುವ ದಾರಿ ನೋಡೋಣ.

ಚರ್ಮದಲ್ಲಿ ಕೊಲೆಸ್ಟ್ರಾಲಿನ ಹತ್ತಿರದ ಬಂಧುವಾದ ಒಂದು ವಸ್ತು ಇದೆ. ಬಿಸಿಲಿನಲ್ಲಿರುವ ಅಲ್ಟ್ರಾವಯೊಲೆಟ್ ಬಿ ಕಿರಣ ಬಿದ್ದಾಗ ಅದು ಡಿ3 ಆಗುತ್ತದೆ. ಅದು ಲಿವರ್‌ಗೆ ಹೋಗಿ ಒಮ್ಮೆ ಬದಲಾಗುತ್ತದೆ. ಲ್ಯಾಬ್‌ನಲ್ಲಿ ಅಳೆಯುವುದು ಈ ರೂಪವನ್ನು. ಆಮೇಲೆ ಕಿಡ್ನಿಯಲ್ಲಿ ಇನ್ನೊಮ್ಮೆ ಬದಲಾಗಿ ಕೆಲಸ ಮಾಡುವ ಹಾರ್ಮೋನು ಆಗುತ್ತದೆ. ಕಿಟಕಿ ಗಾಜು ಈ ಕಿರಣವನ್ನು ತಡೆದುಬಿಡುತ್ತದೆ. ಗಾಜಿನ ಹಿಂದೆ ಕೂತು ಬಿಸಿಲು ಕಾಯಿಸಿದರೆ ಬೆಚ್ಚಗಾಗುತ್ತದೆ, ಡಿ ಸಿಗುವುದಿಲ್ಲ.

ಎಂ.ಎಸ್. ವಿಷಯಕ್ಕೆ ಮುಖ್ಯವಾದ ಸಂಗತಿ ಮುಂದಿದೆ. ಲಿವರ್‌ನಿಂದ ಬಂದ ರೂಪವನ್ನು ಹಾರ್ಮೋನಾಗಿ ಮಾಡುವ ಶಕ್ತಿ ಕಿಡ್ನಿಗೆ ಮಾತ್ರ ಅಲ್ಲ, ಬಿಳಿ ರಕ್ತಕಣಗಳಿಗೂ ಇದೆ. ಡಿ ಹಾರ್ಮೋನನ್ನು ಹಿಡಿದುಕೊಳ್ಳುವ ಗ್ರಾಹಕಗಳೂ ಆ ಕಣಗಳಲ್ಲಿವೆ. ಅಂದರೆ ರೋಗನಿರೋಧಕ ಕಣಗಳು ಡಿ ಯನ್ನು ತಮ್ಮ ಸ್ವಂತ ಕೆಲಸಕ್ಕೆ ಬಳಸಿಕೊಳ್ಳುತ್ತವೆ. ಯಾವ ಕೆಲಸ? ಲ್ಯಾಬಿನಲ್ಲಿ ನೋಡಿದಾಗ, ಡಿ ಸಿಕ್ಕ ಟಿ ಕಣಗಳು (ಬಿಳಿ ರಕ್ತಕಣಗಳಲ್ಲೇ ಒಂದು ಬಗೆ) ಉರಿಯೂತ ಹೆಚ್ಚಿಸುವ ಬಗೆಯಿಂದ ಅದನ್ನು ತಣಿಸುವ ಬಗೆಯ ಕಡೆಗೆ ವಾಲುತ್ತವೆ. ಎಂ.ಎಸ್.ನಲ್ಲಿ ಮಯಲಿನ್ ಮೇಲೆ ಬೀಳುವ ಕಣಗಳಲ್ಲಿ ಇವೇ ಟಿ ಕಣಗಳು ಮುಖ್ಯವಾದವು.

ಹಾಗಾಗಿ ‘ಡಿ ಗೂ ಎಂ.ಎಸ್.ಗೂ ನಂಟಿದೆ’ ಎನ್ನುವುದು ಗಾಳಿಮಾತಲ್ಲ. ಆದರೆ ಲ್ಯಾಬಿನ ತಟ್ಟೆಯಲ್ಲಿ ನಡೆಯುವುದೆಲ್ಲ ಮನುಷ್ಯನ ಮೈಯಲ್ಲಿ ನಡೆಯಬೇಕು ಅಂತಿಲ್ಲವಲ್ಲ. ಜನರ ನಡುವೆ ಏನು ಕಂಡಿದೆ ಎನ್ನುವುದನ್ನು ನೋಡಬೇಕು.

## ಭೂಪಟದಲ್ಲಿ ಸಿಕ್ಕ ಸುಳಿವು

ಎಂ.ಎಸ್. ಎಲ್ಲ ಕಡೆ ಒಂದೇ ಸಮ ಇಲ್ಲ. ಭೂಮಧ್ಯರೇಖೆಯಿಂದ ದೂರ ಹೋದಷ್ಟೂ ಹೆಚ್ಚುತ್ತದೆ. ಸ್ಕಾಟ್ಲೆಂಡಿನ ಉತ್ತರಕ್ಕಿರುವ ಓರ್ಕ್ನಿ ದ್ವೀಪಗಳಲ್ಲಿ ಲಕ್ಷ ಜನರಲ್ಲಿ ಸುಮಾರು 400 ಮಂದಿಗೆ ಇದೆ. ಜಗತ್ತಿನಲ್ಲೇ ಇದು ಅತಿ ಹೆಚ್ಚಿನ ಪ್ರಮಾಣಗಳಲ್ಲಿ ಒಂದು. ಆಸ್ಟ್ರೇಲಿಯದಲ್ಲಿ ಈ ವ್ಯತ್ಯಾಸ ಇನ್ನೂ ಚೆನ್ನಾಗಿ ಕಾಣುತ್ತದೆ, ಏಕೆಂದರೆ ಅಲ್ಲಿ ದೇಶ ಒಂದೇ, ಹೆಚ್ಚಿನವರ ಮೂಲವೂ ಯುರೋಪೇ, ಆಸ್ಪತ್ರೆಗಳೂ ಒಂದೇ ಮಟ್ಟದವು. ಆದರೂ 1980ರ ದಶಕದ ಎಣಿಕೆಯಲ್ಲಿ ದಕ್ಷಿಣದ ತಂಪು ತಾಸ್ಮೇನಿಯದ ಹೋಬಾರ್ಟ್ ನಗರದಲ್ಲಿ ಎಂ.ಎಸ್. ಬಿಸಿಲು ಸುರಿಯುವ ಉತ್ತರ ಕ್ವೀನ್ಸ್‌ಲೆಂಡಿಗಿಂತ ಸುಮಾರು ಏಳು ಪಟ್ಟು ಇತ್ತು.

ತಂಪು ದೇಶಗಳಲ್ಲಿ ಚಳಿಗಾಲದ ಬಿಸಿಲು ಬರೀ ನೋಡಲಿಕ್ಕೆ. ಅಮೆರಿಕದ ಬಾಸ್ಟನ್ ನಗರದಲ್ಲಿ ನವೆಂಬರಿನಿಂದ ಫೆಬ್ರವರಿವರೆಗೆ ಬಿಸಿಲಿನಲ್ಲಿ ನಿಂತರೂ ಚರ್ಮದಲ್ಲಿ ಡಿ ತಯಾರಾಗುವುದಿಲ್ಲ. ಸೂರ್ಯ ಓರೆಯಾಗಿರುವುದರಿಂದ ಆ ಕಿರಣ ವಾತಾವರಣದಲ್ಲೇ ಸೋಸಿಹೋಗುತ್ತದೆ.

ನಾರ್ವೆ ಈ ಲೆಕ್ಕಕ್ಕೆ ಸಿಗದ ದೇಶ, ಅದಕ್ಕೇ ಸ್ವಾರಸ್ಯ. ಅಲ್ಲಿ ಉತ್ತರಕ್ಕೆ ಹೋದಷ್ಟೂ ಎಂ.ಎಸ್. ಹೆಚ್ಚಬೇಕಿತ್ತು. ಹಾಗಾಗಲಿಲ್ಲ. 1950ರ ದಶಕದಲ್ಲೇ ಗಮನಿಸಿದ ಪ್ರಕಾರ ಒಳನಾಡಿನ ರೈತರಲ್ಲಿ ಜಾಸ್ತಿ, ಕರಾವಳಿಯ ಮೀನುಗಾರರಲ್ಲಿ ಕಡಿಮೆ. ಕರಾವಳಿಯವರು ಬಂಗುಡೆಯಂಥ ಕೊಬ್ಬಿನ ಮೀನು ಮತ್ತು ಕಾಡ್ ಮೀನಿನ ಲಿವರ್ ಎಣ್ಣೆ ತಿನ್ನುವವರು. ಊಟದಿಂದ ಡಿ ಸಿಗುವ ದಾರಿಗಳು ಬಹಳ ಕಡಿಮೆ, ಅವುಗಳಲ್ಲಿ ಮುಖ್ಯವಾದದ್ದು ಇದೇ.

ಇನ್ನೊಂದು ಸುಳಿವು ವಲಸೆ ಹೋದವರಿಂದ ಬಂತು. ಯುರೋಪಿನಿಂದ ದಕ್ಷಿಣ ಆಫ್ರಿಕಕ್ಕೆ ದೊಡ್ಡವರಾದ ಮೇಲೆ ಹೋದವರು ತಮ್ಮ ಹಳೆಯ ಊರಿನ ಅಪಾಯವನ್ನೇ ಹೊತ್ತುಕೊಂಡು ಹೋದರು. ಹದಿನೈದು ವರ್ಷಕ್ಕೆ ಮೊದಲು ಹೋದ ಮಕ್ಕಳಲ್ಲಿ ಅಪಾಯ ಕಡಿಮೆ ಇತ್ತು. ಈ ದಾರಿ ಇನ್ನೊಂದು ದಿಕ್ಕಿಗೂ ಹೋಗುತ್ತದೆ. ಭಾರತ ಉಪಖಂಡ, ಆಫ್ರಿಕ, ವೆಸ್ಟ್ ಇಂಡೀಸ್‌ನಿಂದ ಬ್ರಿಟನ್‌ಗೆ ಹೋದವರಲ್ಲಿ ಎಂ.ಎಸ್. ಅಪರೂಪ, ಆದರೆ ಅಲ್ಲೇ ಹುಟ್ಟಿದ ಅವರ ಮಕ್ಕಳಲ್ಲಿ ಅದು ಬ್ರಿಟಿಷರ ಮಟ್ಟದ ಹತ್ತಿರ ಬಂತು ಎಂದು 1990ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಲಂಡನ್ನಿನಲ್ಲೋ ಲೆಸ್ಟರ್‌ನಲ್ಲೋ ಮಕ್ಕಳನ್ನು ಬೆಳೆಸುತ್ತಿರುವ ಕನ್ನಡದ ಮನೆಗಳಿಗೂ ಇದು ಅನ್ವಯಿಸುವ ಮಾತೇ. ಏನೋ ಒಂದು ಚಿಕ್ಕ ವಯಸ್ಸಿನಲ್ಲೇ ನಿರ್ಧಾರವಾಗಿಬಿಡುತ್ತದೆ.

ಆದರೂ ಭೂಪಟವನ್ನೇ ಪೂರ್ತಿ ನಂಬಿದರೆ ಎಡವುತ್ತೇವೆ. ಬಿಸಿಲು ಒಂದೇ ಅಲ್ಲ, ಜನಾಂಗ, ಊಟ, ಸೋಂಕು ಎಲ್ಲವೂ ಊರಿಂದ ಊರಿಗೆ ಬದಲಾಗುತ್ತವೆ. ಓರ್ಕ್ನಿಯನ್ನೇ ತೆಗೆದುಕೊಳ್ಳಿ. ಅಲ್ಲಿಯವರ ರಕ್ತದಲ್ಲಿ ಡಿ ಅಳೆದಾಗ ಸ್ಕಾಟ್ಲೆಂಡಿನ ಉಳಿದವರಿಗಿಂತ ಕಡಿಮೆಯೇನೂ ಇರಲಿಲ್ಲ. ಡಿ ಒಂದರಿಂದಲೇ ಆ ದ್ವೀಪಗಳ ಕಥೆ ಮುಗಿಯುವುದಿಲ್ಲ.

## ಕಾಯಿಲೆಯಿಂದ ಡಿ ಕಡಿಮೆಯಾಯಿತೋ, ಡಿ ಕಡಿಮೆಯಾಗಿ ಕಾಯಿಲೆ ಬಂತೋ?

ಈ ಪ್ರಶ್ನೆ ಸುಮ್ನೆ ತರ್ಕಕ್ಕೆ ಹಾಕಿದ್ದಲ್ಲ. ಎಂ.ಎಸ್. ಇದ್ದವರಿಗೆ ಮೈ ಬಿಸಿಯಾದರೆ ನರಗಳ ಸಂದೇಶ ಇನ್ನಷ್ಟು ಕುಂಟುತ್ತದೆ. ಬಿಸಿಲಿಗೆ ಹೋದರೆ ಕಣ್ಣು ಮಂಜಾಗುತ್ತದೆ, ಕಾಲು ಸೋಲುತ್ತದೆ. ತಂಪಾದ ಮೇಲೆ ಸರಿಯಾಗುತ್ತದೆ. ಜರ್ಮನಿಯ ವೈದ್ಯ ಊಟ್‌ಹಾಫ್ ಇದನ್ನು 1890ರಲ್ಲೇ ಬರೆದಿಟ್ಟ. ಹಾಗಾಗಿ ಅವರು ಬಿಸಿಲು ತಪ್ಪಿಸುತ್ತಾರೆ, ನಡೆಯಲು ಕಷ್ಟವಾದವರು ಮನೆಯಲ್ಲೇ ಇರುತ್ತಾರೆ. ಡಿ ಇಳಿಯದೆ ಇನ್ನೇನಾಗುತ್ತದೆ? ಕಾಯಿಲೆ ಬಂದವರ ರಕ್ತ ಪರೀಕ್ಷಿಸಿ ‘ನೋಡಿ, ಡಿ ಕಡಿಮೆಯಿದೆ’ ಎಂದರೆ ಯಾವುದು ಕಾರಣ, ಯಾವುದು ಪರಿಣಾಮ ಎಂದು ಗೊತ್ತಾಗುವುದೇ ಇಲ್ಲ.

ಬೇಕಾದ್ದು ಕಾಯಿಲೆ ಬರುವುದಕ್ಕೆ ಮುಂಚಿನ ರಕ್ತ. ಅದು ಅಮೆರಿಕದ ಸೇನೆಯಲ್ಲಿತ್ತು. ಎಚ್‌ಐವಿ ಪರೀಕ್ಷೆಗೆಂದು ಸೈನಿಕರಿಂದ ತೆಗೆದ ರಕ್ತದ ಸೀರಮ್ ಅನ್ನು ಅಲ್ಲಿ ತಣ್ಣಗೆ ಕಾಪಾಡಿ ಇಡುತ್ತಾರೆ. 70 ಲಕ್ಷಕ್ಕೂ ಹೆಚ್ಚು ಜನರ ಮಾದರಿಗಳ ನಡುವೆ, ಆಮೇಲೆ ಎಂ.ಎಸ್. ಬಂದ 257 ಮಂದಿಯನ್ನು ಹಾರ್ವರ್ಡ್‌ನ ತಂಡ ಗುರುತಿಸಿತು. ಕಾಯಿಲೆಯ ಸುಳಿವೇ ಇಲ್ಲದಿದ್ದಾಗ ತೆಗೆದ ಅವರ ರಕ್ತದಲ್ಲಿ ಡಿ ಎಷ್ಟಿತ್ತು ಎಂದು ಅಳೆದು, ಕಾಯಿಲೆ ಬರದವರ ಜೊತೆ ಹೋಲಿಸಿತು. 2006ರಲ್ಲಿ ಬಂದ ಉತ್ತರ ಹೀಗಿತ್ತು: ಬಿಳಿಯರಲ್ಲಿ, ಡಿ ಮಟ್ಟ ಮಿಲಿಲೀಟರಿಗೆ ಸುಮಾರು 40 ನ್ಯಾನೋಗ್ರಾಂಗಿಂತ ಹೆಚ್ಚಿದ್ದ ಗುಂಪಿನಲ್ಲಿ ಎಂ.ಎಸ್. ಬರುವ ಸಾಧ್ಯತೆ, ಅತಿ ಕಡಿಮೆ ಇದ್ದ ಗುಂಪಿಗೆ ಹೋಲಿಸಿದರೆ 62 ಶೇಕಡ ಕಡಿಮೆ. ಕಪ್ಪುವರ್ಣದ ಸೈನಿಕರಲ್ಲಿ ಇಂಥ ನಂಟು ಕಾಣಲಿಲ್ಲ. ಈ ಕೊನೆಯ ಸಾಲನ್ನು ಬಹಳ ಲೇಖನಗಳು ನುಂಗಿಹಾಕುತ್ತವೆ. ನಮಗೆ ಮಾತ್ರ ಅದು ಬೇಕು, ಮುಂದೆ ನೋಡೋಣ.

ಫಿನ್ಲೆಂಡಿನಲ್ಲಿ ಗರ್ಭಿಣಿಯರ ರಕ್ತವನ್ನು ಹೀಗೆಯೇ ಕಾಪಾಡಿದ್ದಾರೆ. ಬಸಿರಿನ ಮೊದಲ ತಿಂಗಳುಗಳಲ್ಲಿ ತಾಯಿಗೆ ಡಿ ತೀರಾ ಕಡಿಮೆಯಿದ್ದರೆ ಮಗುವಿಗೆ ಮುಂದೆ ಎಂ.ಎಸ್. ಬರುವ ಅಪಾಯ ಹೆಚ್ಚುಕಮ್ಮಿ ಎರಡು ಪಟ್ಟು ಎಂದು 2016ರಲ್ಲಿ ಅಲ್ಲಿನ ಅಧ್ಯಯನ ತೋರಿಸಿತು.

ಇಷ್ಟಾದರೂ ಒಂದು ಅನುಮಾನ ಉಳಿಯುತ್ತದೆ. ಡಿ ಚೆನ್ನಾಗಿರುವವರು ಹೊರಗೆ ಓಡಾಡುವವರು, ತೂಕ ಕಡಿಮೆ ಇರುವವರು, ಒಟ್ಟಾರೆ ಆರೋಗ್ಯವಂತರು ಆಗಿರಬಹುದು. ರಕ್ಷಣೆ ಕೊಟ್ಟಿದ್ದು ಆ ಜೀವನಶೈಲಿಯೇ ಇರಬಹುದು ಅಲ್ವಾ? ಇದನ್ನು ಬೇರ್ಪಡಿಸಲು ವಿಜ್ಞಾನಿಗಳು ಜೀನ್‌ಗಳ ಮೊರೆ ಹೋದರು. ಕೆಲವರಿಗೆ ಹುಟ್ಟಿನಿಂದಲೇ ಡಿ ಸ್ವಲ್ಪ ಕಡಿಮೆ ಇರುವಂಥ ಜೀನ್‌ಗಳು ಬಂದಿರುತ್ತವೆ. ಯಾರಿಗೆ ಯಾವ ಜೀನ್ ಬರುತ್ತದೆ ಎನ್ನುವುದು ಹುಟ್ಟುವಾಗ ಚೀಟಿ ಎತ್ತಿದಂತೆ ನಡೆದುಹೋಗುತ್ತದೆ. ಅವರು ಆಮೇಲೆ ಏನು ತಿಂದರು, ಎಷ್ಟು ಬಿಸಿಲಿಗೆ ಹೋದರು ಎನ್ನುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ಸುಮಾರು 14,500 ಎಂ.ಎಸ್. ರೋಗಿಗಳನ್ನೂ 24,000 ಇತರರನ್ನೂ ಹೋಲಿಸಿ 2015ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಡಿ ಕಡಿಮೆ ಮಾಡುವ ಜೀನ್‌ಗಳಿದ್ದವರಲ್ಲಿ ಎಂ.ಎಸ್. ಕೂಡ ಹೆಚ್ಚಿತ್ತು. ಡಿ ಕೊರತೆ ಎಂ.ಎಸ್.ಗೆ ಒಂದು ಕಾರಣವೇ ಇರಬೇಕು ಎಂದು ಹಲವು ತಜ್ಞರು ಒಪ್ಪುವುದು ಮುಖ್ಯವಾಗಿ ಈ ಬಗೆಯ ಸಾಕ್ಷಿಯಿಂದ.

## ಒಂದು ಕಾರಣ, ಒಂದೇ ಕಾರಣವಲ್ಲ

ಎಂ.ಎಸ್. ಹಲವು ಸಂಗತಿಗಳು ಒಟ್ಟಿಗೆ ಸೇರಿದಾಗ ಬರುವ ಕಾಯಿಲೆ. ಅಪಾಯ ಹೆಚ್ಚಿಸುವ 200ಕ್ಕೂ ಹೆಚ್ಚು ಜೀನ್ ವ್ಯತ್ಯಾಸಗಳು ಸಿಕ್ಕಿವೆ. ಆದರೂ ಒಂದೇ ಜೀನ್‌ಗಳಿರುವ ಅವಳಿಗಳಲ್ಲಿ ಒಬ್ಬರಿಗೆ ಎಂ.ಎಸ್. ಬಂದರೆ ಇನ್ನೊಬ್ಬರಿಗೆ ಬರುವುದು ಸುಮಾರು ನಾಲ್ಕರಲ್ಲಿ ಒಂದು ಸಲ ಮಾತ್ರ. ಧೂಮಪಾನ, ಹದಿಹರೆಯದ ಬೊಜ್ಜು ಅಪಾಯ ಹೆಚ್ಚಿಸುತ್ತವೆ. ಬೊಜ್ಜಿದ್ದವರಲ್ಲಿ ಡಿ ಕೂಡ ಕಡಿಮೆ ಇರುತ್ತದೆ.

ಎಲ್ಲಕ್ಕಿಂತ ದೊಡ್ಡ ಕೊಂಡಿ ಎಪ್ಸ್ಟೀನ್-ಬಾರ್ ಎಂಬ ವೈರಸ್. 2022ರಲ್ಲಿ ಮತ್ತೆ ಅಮೆರಿಕದ ಸೈನಿಕರ ರಕ್ತದಿಂದಲೇ, ಈ ಬಾರಿ ಒಂದು ಕೋಟಿ ಜನರ ದಾಖಲೆಯಿಂದ, ಈ ವೈರಸ್ ತಗುಲಿದ ಮೇಲೆ ಎಂ.ಎಸ್. ಅಪಾಯ 32 ಪಟ್ಟು ಹೆಚ್ಚುತ್ತದೆ ಎಂದು ಗೊತ್ತಾಯಿತು. ಆದರೆ ನೂರರಲ್ಲಿ 95 ದೊಡ್ಡವರಿಗೆ ಈ ವೈರಸ್ ಯಾವಾಗಲೋ ಬಂದುಹೋಗಿರುತ್ತದೆ, ಅವರಲ್ಲಿ ಬಹುತೇಕ ಯಾರಿಗೂ ಎಂ.ಎಸ್. ಬರುವುದಿಲ್ಲ. ಹಾಗಾಗಿ ವೈರಸ್ ಬೇಕು, ಜೊತೆಗೆ ಇನ್ನೇನೋ ಬೇಕು. ಆ ‘ಇನ್ನೇನೋ’ಗಳ ಸಾಲಿನಲ್ಲಿ ಡಿ ಕೊರತೆಗೂ ಒಂದು ಜಾಗ ಇದೆ.

ಆದ್ದರಿಂದ ‘ನೀನು ಬಿಸಿಲಿಗೆ ಹೋಗಲಿಲ್ಲ, ಅದಕ್ಕೇ ಬಂತು’ ಎಂದು ರೋಗಿಯ ತಲೆಗೆ ಕಟ್ಟುವುದು ತಪ್ಪು ಲೆಕ್ಕ.

## ನಮ್ಮಲ್ಲಿ ಡಿ ಕಡಿಮೆ, ಎಂ.ಎಸ್. ಕೂಡ ಕಡಿಮೆ. ಇದು ಹೇಗೆ?

ಬೆಂಗಳೂರು 13 ಡಿಗ್ರಿ ಅಕ್ಷಾಂಶದಲ್ಲಿದೆ. ವರ್ಷವಿಡೀ ಡಿ ಕೊಡುವ ಬಿಸಿಲು ಇಲ್ಲಿ ಬೀಳುತ್ತದೆ. ಹಾಗಿದ್ದೂ ಊರಲ್ಲಿ ಯಾರ ರಕ್ತ ಪರೀಕ್ಷಿಸಿದರೂ ಡಿ ಕಡಿಮೆ ಎಂದೇ ಬರುತ್ತದೆ. ಕಪ್ಪು ಚರ್ಮಕ್ಕೆ ಅಷ್ಟೇ ಡಿ ತಯಾರಿಸಲು ಹೆಚ್ಚು ಹೊತ್ತಿನ ಬಿಸಿಲು ಬೇಕು. ನಾವು ಮೈ ಮುಚ್ಚುವ ಬಟ್ಟೆ ಹಾಕುತ್ತೇವೆ, ಆಫೀಸಿನಲ್ಲಿ ದಿನ ಕಳೆಯುತ್ತೇವೆ, ಹೊರಗೆ ಹೋದರೆ ನೆರಳು ಹುಡುಕುತ್ತೇವೆ. ನಗರದ ಹೊಗೆಯೂ ಕಿರಣವನ್ನು ತಡೆಯುತ್ತದೆ. ಊಟದಲ್ಲಿ, ಅದರಲ್ಲೂ ಸಸ್ಯಾಹಾರದಲ್ಲಿ, ಡಿ ಇಲ್ಲವೇ ಇಲ್ಲ ಎನ್ನಬಹುದು.

ಡಿ ಕೊರತೆಯೊಂದೇ ಎಂ.ಎಸ್. ತರುವುದಾಗಿದ್ದರೆ ಭಾರತದಲ್ಲಿ ಅದು ತುಂಬಿ ತುಳುಕಬೇಕಿತ್ತು. ಹಾಗಿಲ್ಲ. ಮಂಗಳೂರು ನಗರದಲ್ಲಿ ಲೆಕ್ಕ ಹಾಕಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸಿಕ್ಕಿದ್ದು ಲಕ್ಷಕ್ಕೆ ಸುಮಾರು 8. ಓರ್ಕ್ನಿಯ 400 ನೆನಪಿಸಿಕೊಳ್ಳಿ. ಮುಂಬೈಯ ಪಾರ್ಸಿಗಳಲ್ಲಿ ಮಾತ್ರ ಹಿಂದಿನ ಎಣಿಕೆಗಳಲ್ಲಿ ಲಕ್ಷಕ್ಕೆ 20ಕ್ಕಿಂತ ಹೆಚ್ಚು ಕಂಡಿತ್ತು. ಅದೇ ನಗರ, ಅದೇ ಬಿಸಿಲು, ಬೇರೆ ವಂಶಮೂಲ. ಹಾಗಾಗಿ ಜೀನ್‌ಗಳ ಪಾಲು ಇಲ್ಲಿ ಎದ್ದು ಕಾಣುತ್ತದೆ.

ಇನ್ನೊಂದು ವಿವರಣೆ ಬಿಸಿಲಿನಲ್ಲೇ ಇದೆ. ಅಲ್ಟ್ರಾವಯೊಲೆಟ್ ಕಿರಣ ಡಿ ತಯಾರಿಸುವುದರ ಜೊತೆಗೆ ಚರ್ಮದಲ್ಲಿರುವ ರೋಗನಿರೋಧಕ ಕಣಗಳನ್ನು ನೇರವಾಗಿಯೂ ತಣಿಸುತ್ತದೆ. ಎಂ.ಎಸ್.ನಂಥ ಕಾಯಿಲೆ ಬರಿಸಿದ ಇಲಿಗಳಿಗೆ ಈ ಕಿರಣ ಕೊಟ್ಟಾಗ, ಡಿ ಹೆಚ್ಚೇನೂ ಏರದಿದ್ದರೂ ಕಾಯಿಲೆ ತಗ್ಗಿತು. ಆಸ್ಟ್ರೇಲಿಯದ ದೊಡ್ಡ ಅಧ್ಯಯನವೊಂದು 2011ರಲ್ಲಿ ಬಿಸಿಲಿಗೂ ಡಿ ಗೂ ಪ್ರತ್ಯೇಕ ಪಾಲಿದೆ ಎಂದಿತು. ಕ್ಯಾಲಿಫೋರ್ನಿಯದಲ್ಲಿ ಕಪ್ಪುವರ್ಣೀಯರನ್ನೂ ಹಿಸ್ಪ್ಯಾನಿಕ್ ಜನರನ್ನೂ ಸೇರಿಸಿ ನೋಡಿದಾಗ, ಜೀವನದುದ್ದಕ್ಕೂ ಬಿಸಿಲು ಕಂಡವರಲ್ಲಿ ಎಂ.ಎಸ್. ಕಡಿಮೆ ಎನ್ನುವುದು ಬಿಳಿಯರಲ್ಲೂ ಕಪ್ಪುವರ್ಣೀಯರಲ್ಲೂ ನಿಜವಾಯಿತು, ಹಿಸ್ಪ್ಯಾನಿಕ್ ಜನರಲ್ಲೂ ಅದೇ ಒಲವು ಕಂಡಿತು, ಆದರೆ ಖಚಿತವಾಗಲಿಲ್ಲ. ರಕ್ತದ ಡಿ ಮಟ್ಟದ ನಂಟು ಮಾತ್ರ ಬಿಳಿಯರಲ್ಲಷ್ಟೇ ಕಂಡಿತು. ಸೈನಿಕರ ಅಧ್ಯಯನದ ಆ ಕೊನೆಯ ಸಾಲು ಇಲ್ಲಿಗೆ ಬಂದು ಕೂಡುತ್ತದೆ. ಯುರೋಪಿನವರ ಡಿ ಲೆಕ್ಕವನ್ನು ನಮ್ಮ ಚರ್ಮಕ್ಕೆ ಹಾಗೆಯೇ ಹೊಂದಿಸುವ ಮುಂಚೆ ಯೋಚಿಸಬೇಕಾದ್ದು ಇದಕ್ಕೇ.

## ಬಂದ ಮೇಲೆ ಕೊಟ್ಟರೆ?

ಈಗ ಎರಡನೆಯ ಪ್ರಶ್ನೆ. ಬಿತ್ತನೆಯ ಹೊತ್ತಿಗೆ ಹದವಾದ ಮಳೆ ಬಿದ್ದರೆ ಪೈರು ಗಟ್ಟಿಯಾಗಿ ಏಳುತ್ತದೆ. ಆ ಮಳೆ ತಪ್ಪಿ, ಪೈರಿಗೆ ರೋಗ ಹತ್ತಿದ ಮೇಲೆ ಎಷ್ಟು ನೀರು ಹಾಯಿಸಿದರೂ ಅದು ಬಿತ್ತನೆಯ ಮಳೆಯಾಗುವುದಿಲ್ಲ. ಸ್ವಲ್ಪ ಚೇತರಿಕೆ ಸಿಗಬಹುದು, ಸಿಗದೆಯೂ ಇರಬಹುದು. ಚಿಕ್ಕಂದಿನ ಡಿ ಗೂ, ಕಾಯಿಲೆ ಬಂದ ಮೇಲಿನ ಡಿ ಗೂ ಇರುವ ವ್ಯತ್ಯಾಸ ಇಂಥದ್ದೇ ಇರಬಹುದು.

ಪ್ರಯೋಗಗಳು ಹೇಳುವುದೂ ಹೆಚ್ಚುಕಮ್ಮಿ ಹಾಗೆಯೇ. 2019ರಲ್ಲಿ ಪ್ರಕಟವಾದ ಸೋಲಾರ್ ಪ್ರಯೋಗದಲ್ಲಿ ಇಂಟರ್‌ಫೆರಾನ್ ಎಂಬ ಎಂ.ಎಸ್. ಔಷಧಿ ತೆಗೆದುಕೊಳ್ಳುತ್ತಿದ್ದ 229 ಜನರಲ್ಲಿ ಒಂದು ಗುಂಪಿಗೆ ದಿನಕ್ಕೆ ಸುಮಾರು 14,000 ಯೂನಿಟ್ ಡಿ ಕೊಟ್ಟರು. ಇನ್ನೊಂದಕ್ಕೆ ಔಷಧಿಯಿಲ್ಲದ ತೋರಿಕೆಯ ಡೋಸ್. ಮುಖ್ಯ ಗುರಿ ಈಡೇರಲಿಲ್ಲ. ಅಮೆರಿಕದ ವಿಡಾಮ್ಸ್ ಪ್ರಯೋಗದಲ್ಲಿ 172 ಜನರಲ್ಲಿ ಅರ್ಧ ಮಂದಿಗೆ ದಿನಕ್ಕೆ 5,000, ಉಳಿದವರಿಗೆ 600 ಯೂನಿಟ್. 2023ರಲ್ಲಿ ಫಲಿತಾಂಶ ಬಂದಾಗ ರಿಲ್ಯಾಪ್ಸ್‌ನಲ್ಲಿ ಎರಡೂ ಗುಂಪು ಸಮ ಸಮ. ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡಿನಲ್ಲಿ ಕಾಯಿಲೆಯ ಮೊದಲ ಲಕ್ಷಣ ಕಂಡವರಿಗೇ 1,000, 5,000, 10,000 ಯೂನಿಟ್‌ಗಳನ್ನು ಕೊಟ್ಟು ನೋಡಿದರು. ಅಲ್ಲೂ ಪ್ರಯೋಜನ ಕಾಣಲಿಲ್ಲ.

ಇಷ್ಟರಲ್ಲಿ ಬಂತು ಫ್ರಾನ್ಸಿನ ಪ್ರಯೋಗ, ಹೆಸರು ಡಿ-ಲೇ ಎಂಎಸ್. ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಈಗ ಓಡಾಡುತ್ತಿರುವ ಸುದ್ದಿಯೆಲ್ಲ ಇದರದ್ದೇ.

ಮೊದಲ ಸಲ ಲಕ್ಷಣ ಕಾಣಿಸಿಕೊಂಡು 90 ದಿನ ದಾಟದ, ಎಂ.ಎಸ್. ಔಷಧಿ ಇನ್ನೂ ಶುರು ಮಾಡದ 316 ಜನ ಇದರಲ್ಲಿದ್ದರು. ಎಲ್ಲರ ಡಿ ಮಟ್ಟ 40 ನ್ಯಾನೋಗ್ರಾಂಗಿಂತ ಕೆಳಗೆ. ಒಂದು ಗುಂಪಿಗೆ ಎರಡು ವಾರಕ್ಕೊಮ್ಮೆ ಒಂದು ಲಕ್ಷ ಯೂನಿಟ್ ಡಿ3, ಅಂದರೆ ದಿನಕ್ಕೆ ಸುಮಾರು 7,000 ಬಿದ್ದಂತೆ. ಇನ್ನೊಂದಕ್ಕೆ ತೋರಿಕೆಯ ಡೋಸ್. ಹೀಗೆ ಎರಡು ವರ್ಷ. ಕೊನೆಗೆ, ಹೊಸ ರಿಲ್ಯಾಪ್ಸ್ ಅಥವಾ ಎಂಆರ್‌ಐನಲ್ಲಿ ಹೊಸ ಚುಕ್ಕೆ ಕಂಡವರು ಡಿ ಗುಂಪಿನಲ್ಲಿ 60.3 ಶೇಕಡ, ಇನ್ನೊಂದರಲ್ಲಿ 74.1 ಶೇಕಡ. ಡಿ ಪಡೆದವರಲ್ಲಿ ಆ ಚಟುವಟಿಕೆ ಕಾಣಿಸಿಕೊಳ್ಳಲು ಹೆಚ್ಚು ದಿನವೂ ಹಿಡಿಯಿತು.

ಇದು ನಿಜವಾದ ವ್ಯತ್ಯಾಸ. ಆದರೆ ಒಳಗೆ ಹೊಕ್ಕು ನೋಡಿದರೆ ಗೆದ್ದಿದ್ದು ಮುಖ್ಯವಾಗಿ ಎಂಆರ್‌ಐ ಚಿತ್ರದಲ್ಲಿ. ರೋಗಿಗೆ ಗೊತ್ತಾಗುವ ರಿಲ್ಯಾಪ್ಸ್ ಮಾತ್ರ ತೆಗೆದುಕೊಂಡರೆ ಡಿ ಗುಂಪಿನಲ್ಲಿ 17.9, ಇನ್ನೊಂದರಲ್ಲಿ 21.8 ಶೇಕಡ. ಇಷ್ಟು ಅಂತರ ಆಕಸ್ಮಿಕವಾಗಿಯೂ ಬರಬಹುದು. ಇನ್ನೊಂದು ಸಂಗತಿ ಮರೆಯಬಾರದು: ಡಿ ಪಡೆದವರಲ್ಲೂ ಹತ್ತರಲ್ಲಿ ಆರು ಮಂದಿಯ ಕಾಯಿಲೆ ಎರಡು ವರ್ಷದೊಳಗೆ ಮುಂದುವರಿಯಿತು. ಓಕ್ರೆಲಿಜುಮ್ಯಾಬ್, ನಟಾಲಿಜುಮ್ಯಾಬ್‌ನಂಥ ಈಗಿನ ಔಷಧಿಗಳು ಹೊಸ ಚುಕ್ಕೆಗಳನ್ನು ತಡೆಯುವುದು ಇದಕ್ಕಿಂತ ಎಷ್ಟೋ ಚೆನ್ನಾಗಿ.

ಹಿಂದಿನ ಕೆಲವು ಪ್ರಯೋಗಗಳಲ್ಲಿ ಕಾಣದ್ದು ಇಲ್ಲಿ ಯಾಕೆ ಕಂಡಿತು? ಅವುಗಳಲ್ಲಿ ರೋಗಿಗಳು ಆಗಲೇ ಎಂ.ಎಸ್. ಔಷಧಿ ತೆಗೆದುಕೊಳ್ಳುತ್ತಿದ್ದರು. ಔಷಧಿಯ ದೊಡ್ಡ ಪರಿಣಾಮದ ಮೇಲೆ ಡಿ ಯ ಸಣ್ಣ ಪರಿಣಾಮ ಎದ್ದು ಕಾಣುವುದು ಕಷ್ಟ. ಆಸ್ಟ್ರೇಲಿಯದ್ದರಲ್ಲಿ ಔಷಧಿ ಇರಲಿಲ್ಲ ನಿಜ, ಆದರೆ ಜನ ಕಡಿಮೆ, ಅವರೂ ನಾಲ್ಕು ಗುಂಪಿಗೆ ಹಂಚಿಹೋಗಿದ್ದರು, ಗಮನಿಸಿದ ಅವಧಿ ಒಂದು ವರ್ಷಕ್ಕೂ ಸ್ವಲ್ಪ ಕಡಿಮೆ. ಫ್ರಾನ್ಸಿನ ತಂಡವೂ ಇನ್ನಷ್ಟು ಪ್ರಯೋಗ ಬೇಕು ಎಂದೇ ಹೇಳಿದೆ. ‘ಡಿ ಸಾಕು, ಔಷಧಿ ಬೇಡ’ ಎಂದು ಆ ಫಲಿತಾಂಶದಿಂದ ಹೊರಡುವುದಿಲ್ಲ.

## ಡೋಸ್ ಮೀರಿದರೆ

ಡಿ ಕೊಬ್ಬಿನಲ್ಲಿ ಕರಗುವ ವಿಟಮಿನ್. ಬಿ ವಿಟಮಿನ್‌ಗಳಂತೆ ಹೆಚ್ಚಾಗಿದ್ದು ಮೂತ್ರದಲ್ಲಿ ಹೋಗಿಬಿಡುವುದಿಲ್ಲ, ಮೈಯಲ್ಲೇ ಕೂಡಿಕೊಳ್ಳುತ್ತದೆ. ಬಿಸಿಲಿನಿಂದ ಅತಿಯಾಗುವುದಿಲ್ಲ, ಚರ್ಮವೇ ಹೆಚ್ಚಿನದನ್ನು ಒಡೆದುಹಾಕುತ್ತದೆ. ಅತಿಯಾಗುವುದು ಮಾತ್ರೆ, ಪುಡಿ, ಇಂಜೆಕ್ಷನ್‌ಗಳಿಂದ.

ನಮ್ಮಲ್ಲಿ ಮೆಡಿಕಲ್ ಶಾಪಿನಲ್ಲಿ ಸಿಗುವ ಸ್ಯಾಶೆ ಅಥವಾ ಕ್ಯಾಪ್ಸೂಲ್ ಒಂದರಲ್ಲಿ 60,000 ಯೂನಿಟ್ ಇರುತ್ತದೆ. ಡಾಕ್ಟರ್ ಸಾಮಾನ್ಯವಾಗಿ ವಾರಕ್ಕೊಂದರಂತೆ ಎಂಟು ವಾರ ಬರೆಯುತ್ತಾರೆ. ಇದನ್ನು ದಿನಕ್ಕೊಂದು ಎಂದುಕೊಂಡು ನುಂಗುವವರಿದ್ದಾರೆ. ಆರೋಗ್ಯವಂತ ದೊಡ್ಡವರಿಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಹೇಳುವ ದಿನದ ಪ್ರಮಾಣ 600 ಯೂನಿಟ್, ವೈದ್ಯರ ನಿಗಾ ಇಲ್ಲದೆ ದಾಟಬಾರದು ಎನ್ನುವ ಮಿತಿ 4,000. ಇದರ ಪಕ್ಕದಲ್ಲಿ ದಿನಕ್ಕೆ 60,000 ಇಟ್ಟು ನೋಡಿ.

ಡಿ ಅತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತದೆ. ವಾಂತಿ, ಮಲಬದ್ಧತೆ, ವಿಪರೀತ ಬಾಯಾರಿಕೆ, ಪದೇ ಪದೇ ಮೂತ್ರ, ಗೊಂದಲ, ಸುಸ್ತು, ಕೊನೆಗೆ ಕಿಡ್ನಿಗೇ ಪೆಟ್ಟು. ಎಂ.ಎಸ್. ಇದ್ದವರಲ್ಲಿ ಒಂದು ಹೆಚ್ಚಿನ ಗೋಜಲು ಇದೆ. ಸುಸ್ತು, ಮಲಬದ್ಧತೆ, ಮೂತ್ರದ ತೊಂದರೆ ಎಂ.ಎಸ್.ನ ಲಕ್ಷಣಗಳೂ ಹೌದು. ಹಾಗಾಗಿ ಡಿ ಯಿಂದ ಆಗುತ್ತಿರುವ ಹಾನಿಯನ್ನು ಕಾಯಿಲೆ ಜೋರಾಯಿತು ಎಂದುಕೊಂಡು ಡೋಸನ್ನು ಇನ್ನೂ ಏರಿಸುವ ಅಪಾಯವಿದೆ. ಬ್ರೆಜಿಲ್‌ನಲ್ಲಿ ಹುಟ್ಟಿದ ಕೊಯಿಂಬ್ರಾ ಪದ್ಧತಿ ಎಂಬುದೊಂದು ಅಂತರ್ಜಾಲದಲ್ಲಿ ಬಹಳ ಸುತ್ತುತ್ತದೆ. ಅದರಲ್ಲಿ ದಿನಕ್ಕೆ ಹತ್ತಾರು ಸಾವಿರ ಯೂನಿಟ್ ಡಿ, ಜೊತೆಗೆ ಹಾಲು ಮೊಸರು ಬಿಟ್ಟು ಲೀಟರುಗಟ್ಟಲೆ ನೀರು. ಅದು ಕೆಲಸ ಮಾಡುತ್ತದೆ ಎಂದು ತೋರಿಸುವ ಸರಿಯಾದ ಪ್ರಯೋಗ ನಡೆದಿಲ್ಲ. ಎಂ.ಎಸ್.ಗೆಂದು ಅತಿಯಾದ ಡೋಸ್ ತೆಗೆದುಕೊಂಡು ಕ್ಯಾಲ್ಸಿಯಂ ಏರಿ ಕಿಡ್ನಿ ಹಾಳಾದವರ ವರದಿಗಳು ವೈದ್ಯಕೀಯ ಪತ್ರಿಕೆಗಳಲ್ಲಿವೆ.

## ಹಾಗಾದರೆ ಡಿ ಕಡಿಮೆಯಿದ್ದರೆ ಬಿಟ್ಟುಬಿಡಬೇಕಾ?

ಬೇಡ, ಸರಿಮಾಡಿಕೊಳ್ಳಬೇಕು. ಅದಕ್ಕೆ ಎಂ.ಎಸ್. ತಗ್ಗುತ್ತದೆ ಎಂಬ ಕಾರಣವೇ ಬೇಕಿಲ್ಲ. ರಿಲ್ಯಾಪ್ಸ್ ಆದಾಗಲೆಲ್ಲ ಸ್ಟೀರಾಯ್ಡ್ ಡ್ರಿಪ್ ಹಾಕುತ್ತಾರೆ, ಅದು ಪದೇ ಪದೇ ಆದರೆ ಮೂಳೆ ಸವೆಯಬಹುದು. ನಡಿಗೆ ತಪ್ಪುವವರು ಬೀಳುತ್ತಾರೆ. ಓಡಾಟ ಕಡಿಮೆಯಾದಷ್ಟೂ ಮೂಳೆ ಬಲ ಕಳೆದುಕೊಳ್ಳುತ್ತದೆ. ಮೂಳೆ ಗಟ್ಟಿ ಇರಬೇಕಾದದ್ದು ಎಂ.ಎಸ್. ಇದ್ದವರಿಗೆ ಉಳಿದವರಿಗಿಂತ ಹೆಚ್ಚು ಅಗತ್ಯ.

ರಿಪೋರ್ಟ್ ನೋಡುವಾಗ ಅಳತೆಯ ಮಾನ ಗಮನಿಸಿ. ನಮ್ಮ ಲ್ಯಾಬ್‌ಗಳು ಹೆಚ್ಚಾಗಿ ಮಿಲಿಲೀಟರಿಗೆ ನ್ಯಾನೋಗ್ರಾಂ ಲೆಕ್ಕದಲ್ಲಿ ಕೊಡುತ್ತವೆ. ವಿದೇಶದ ಲೇಖನಗಳಲ್ಲಿ ಲೀಟರಿಗೆ ನ್ಯಾನೋಮೋಲ್ ಲೆಕ್ಕವಿರುತ್ತದೆ, ಅದು ನಮ್ಮ ಅಂಕಿಯ ಎರಡೂವರೆ ಪಟ್ಟು. ಅಲ್ಲಿನ 75 ಅಂದರೆ ಇಲ್ಲಿನ 30. ಇದನ್ನು ತಿಳಿಯದೆ ‘ನನಗೆ 30 ಮಾತ್ರ ಇದೆ, 75 ಇರಬೇಕಂತೆ’ ಎಂದು ಗಾಬರಿಯಾಗಿ ಸ್ಯಾಶೆ ಮೇಲೆ ಸ್ಯಾಶೆ ನುಂಗುವುದು ಬೇಡ. ಸಾಮಾನ್ಯವಾಗಿ 20ಕ್ಕಿಂತ ಕಡಿಮೆಯಿದ್ದರೆ ಕೊರತೆ ಎನ್ನುತ್ತಾರೆ. ಎಂ.ಎಸ್. ಇದ್ದವರಲ್ಲಿ ಅದು 30 ದಾಟಿರಲಿ ಎಂದು ಬಯಸುವ ತಜ್ಞರಿದ್ದಾರೆ. ಡೋಸ್ ಎಷ್ಟು, ಎಷ್ಟು ವಾರ, ಮತ್ತೆ ಯಾವಾಗ ಪರೀಕ್ಷೆ, ಕ್ಯಾಲ್ಸಿಯಂ ಕೂಡ ನೋಡಬೇಕಾ ಎಂದು ನಿಮ್ಮ ನರರೋಗ ತಜ್ಞರನ್ನೇ ಕೇಳಿ. ಕಿಡ್ನಿಯಲ್ಲಿ ಕಲ್ಲು ಆಗಿದ್ದರೆ ತಪ್ಪದೆ ಹೇಳಿ.

ಬಿಸಿಲಿನ ವಿಷಯದಲ್ಲಿ, ತಾಳಿಕೊಳ್ಳುವಷ್ಟು ಹೊತ್ತು ಹೋಗಬಹುದು. ಬಿಸಿಲಿಗೆ ಕಣ್ಣು ಮಂಜಾಗುವವರು, ಕಾಲು ಸೋಲುವವರು ಹಠ ಮಾಡಿ ನಿಲ್ಲಬೇಕಾಗಿಲ್ಲ. ಮೈ ತಣ್ಣಗಾದ ಮೇಲೆ ಅದು ಹಿಂದಿನಂತಾದರೆ ಹೊಸ ರಿಲ್ಯಾಪ್ಸ್ ಅಲ್ಲ. 24 ಗಂಟೆ ದಾಟಿಯೂ ಹಾಗೆಯೇ ಉಳಿದರೆ ಡಾಕ್ಟರಿಗೆ ಫೋನ್ ಮಾಡಬೇಕು.

ಕೊನೆಗೆ ಎಂ.ಎಸ್. ಇರುವ ತಾಯಂದಿರೆಲ್ಲ ಕೇಳುವ ಪ್ರಶ್ನೆ: ನನ್ನ ಮಗುವಿಗೂ ಬರುತ್ತದಾ, ಈಗಲೇ ಡಿ ಕೊಡಲಾ? ಪಾಶ್ಚಾತ್ಯ ದೇಶಗಳ ಲೆಕ್ಕದಲ್ಲಿ ಅಪ್ಪ ಅಮ್ಮಂದಿರಲ್ಲಿ ಒಬ್ಬರಿಗೆ ಎಂ.ಎಸ್. ಇದ್ದರೆ ಮಗುವಿಗೆ ಬರುವ ಸಾಧ್ಯತೆ ನೂರಕ್ಕೆ ಎರಡು ಮೂರು. ಅಂದರೆ ನೂರರಲ್ಲಿ 97 ಮಕ್ಕಳಿಗೆ ಬರುವುದಿಲ್ಲ. ಮಕ್ಕಳಿಗೆ ಡಿ ಕೊಟ್ಟು ಎಂ.ಎಸ್. ತಡೆದು ತೋರಿಸಿದ ಪ್ರಯೋಗ ಇಲ್ಲ. ಅಂಥದ್ದನ್ನು ನಡೆಸಬೇಕೆಂದರೆ ಸಾವಿರಾರು ಮಕ್ಕಳನ್ನು ಇಪ್ಪತ್ತು ಮೂವತ್ತು ವರ್ಷ ಹಿಂಬಾಲಿಸಬೇಕಾಗುತ್ತದೆ. ಆದರೆ ಹಸುಗೂಸಿಗೆ ಮೊದಲ ವರ್ಷ ದಿನಕ್ಕೆ 400 ಯೂನಿಟ್ ಡಿ ಹನಿ ಹಾಕುವುದು ಮಕ್ಕಳ ವೈದ್ಯರು ಮೂಳೆಗೆಂದು ಎಲ್ಲ ಮಕ್ಕಳಿಗೂ ಹೇಳುವ ಮಾತು. ಅದನ್ನು ತಪ್ಪಿಸದೆ ಹಾಕಿ. ದೊಡ್ಡ ಮಕ್ಕಳನ್ನು ಹೊರಗೆ ಆಡಲು ಬಿಡಿ, ತೂಕ ಮಿತಿಮೀರದಂತೆ ನೋಡಿ, ಮನೆಯೊಳಗೆ ಯಾರೂ ಸಿಗರೇಟು ಸೇದದಿರಲಿ.